ಮಿಂಚುಳ್ಳಿ ಊರು ಬಿಡುತ್ತದೆಯೆ?

ಜೀವಮಾನವೆಲ್ಲ ಪಂಪ, ಹರಿಹರ, ಕುಮಾರವ್ಯಾಸರ ಪಾಠ ಹೇಳಿಕೊಂಡು ಬಂದ ಮೇಷ್ಟರೊಬ್ಬರು ಇಳಿವಯಸ್ಸಿನಲ್ಲಿ ಮಿಂಚುಳ್ಳಿ ಹಕ್ಕಿಯ ಯೋಗಕ್ಷೇಮ ವಿಚಾರಿಸಲು ಹೊರಟಿದ್ದಾರಲ್ಲ ಎಂದು ಕೇಳುಗರಲ್ಲಿ ಕೆಲವರಿಗೆ ನಗು ಬರಬಹುದು. ಬರಲಿ. ನಾನು ಎತ್ತಿಕೊಂಡಿರುವ ಪ್ರಶ್ನೆ ಚಿಕ್ಕದು. ಕೆರೆಯ ದಡದಲ್ಲಿ, ಕಾಲುವೆಯ ಮೇಲೆ ಬಾಗಿದ ಕೊಂಬೆಯಲ್ಲಿ, ನೀಲಿಯ ಕಿಡಿಯಂತೆ ಕುಳಿತಿರುವ ಈ ಹಕ್ಕಿ ವರ್ಷವೆಲ್ಲ ಅಲ್ಲೇ ಇರುತ್ತದೆಯೆ, ಇಲ್ಲವೆ ಕಾಲ ತಿರುಗಿದಾಗ ಊರು ಬಿಟ್ಟು ಹೋಗುತ್ತದೆಯೆ? ಪ್ರಶ್ನೆ ಚಿಕ್ಕದಾದರೂ ಅದಕ್ಕೆ ನೆಟ್ಟಗಿನ ಉತ್ತರ ಸಿಗಲು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಹಿಡಿಯಿತು. ಆ ದೀರ್ಘ ಚರಿತ್ರೆಯ ಬಾಲಕ್ಕೆ ನನ್ನದೂ ಒಂದು ತಪ್ಪು ಅಂಟಿಕೊಂಡಿದೆ. ಅದನ್ನು ಮೊದಲು ಒಪ್ಪಿಸಿಬಿಡುತ್ತೇನೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಬಿ.ಎ. ತರಗತಿಯಲ್ಲಿ ಕವಿಸಮಯಗಳ ಪಾಠ ನಡೆದಿತ್ತು. ಚಕೋರ ಬೆಳದಿಂಗಳನ್ನು ಕುಡಿಯುವುದು, ಚಾತಕ ಮಳೆಹನಿಗೆ ಬಾಯ್ದೆರೆದು ಕಾಯುವುದು, ಮಳೆಗಾಲ ಬರುತ್ತಲೇ ಹಂಸಗಳು ಮಾನಸಸರೋವರಕ್ಕೆ ಹೊರಡುವುದು ಇವೆಲ್ಲ ಕವಿಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದಗಳು ಎಂದು ವಿವರಿಸುತ್ತಿದ್ದೆ. ಮಾತಿನ ಓಘದಲ್ಲಿ ಪಠ್ಯದಲ್ಲಿ ಇಲ್ಲದ್ದೊಂದನ್ನು ಸೇರಿಸಿದೆ. ಹಂಸ ಅತಿಥಿ, ಬಂದು ಹೋಗುವಂಥದು. ನಮ್ಮ ಕೆರೆಯ ಮಿಂಚುಳ್ಳಿ ಗೃಹಸ್ಥ, ಎಂದೂ ಊರು ಬಿಡದು ಎಂದೆ. ಉಪಮೆ ಚೆನ್ನಾಗಿ ಬಂತೆಂದು ನನಗೇ ಸಂತೋಷವಾಗಿತ್ತು. ಆಗ ಹಿಂದಿನ ಬೆಂಚಿನಿಂದ ಹೊನ್ನಾವರದ ಕಡೆಯ ಹುಡುಗನೊಬ್ಬ ಎದ್ದು ನಿಂತ.

“ಸರ್, ನಮ್ಮ ಬದಿಗೆ ಒಂದು ಸಣ್ಣ ಮಿಂಚುಳ್ಳಿ ಬರ್ತದೆ. ಮಳೆ ಹಿಡಿದ ಮೇಲೇ ಬರೋದು. ಮಳೆ ಹೋದ ಮೇಲೆ ಕಾಣೋದಿಲ್ಲ.”

“ಅದು ಬೇರೆ ಯಾವುದೋ ಹಕ್ಕಿ ಇರಬೇಕಯ್ಯ, ಕೂತುಕೋ” ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. “ನಿಮ್ಮೂರ ಹಕ್ಕಿಗೆ ಮಳೆಗಾಲದ ರಜೆ ಸಿಗುತ್ತದೇನೋ” ಎಂದು ಸೇರಿಸಿದೆ. ತರಗತಿ ನಕ್ಕಿತು. ಹುಡುಗ ಕೂತ. ಆ ವರ್ಷ ಅವನು ಮತ್ತೆ ಎದ್ದು ನಿಂತು ಏನನ್ನಾದರೂ ಕೇಳಿದ ನೆನಪು ನನಗಿಲ್ಲ.

ಹಂಸದ ವಿಚಾರದಲ್ಲಿ ನಮ್ಮ ಕವಿಗಳು ಬಹುಮಟ್ಟಿಗೆ ಸರಿಯಾಗಿಯೇ ಹೇಳಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ‘ಮೇಘದೂತ’ದ ಹಂಸಗಳು ತಾವರೆಯ ದಂಟನ್ನು ದಾರಿಯ ಬುತ್ತಿಯಾಗಿ ಕಚ್ಚಿಕೊಂಡು ಕೈಲಾಸದ ಕಡೆ ಹಾರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆಯ ಹೆಬ್ಬಾತುಗಳು ಬೇಸಗೆ ತಲೆಯೆತ್ತುತ್ತಿರುವಂತೆ ಹಿಮಾಲಯವನ್ನು ದಾಟಿ ಟಿಬೆಟ್ಟಿನ, ಮಂಗೋಲಿಯದ ಸರೋವರಗಳಿಗೆ ಮರಿಮಾಡಲು ಹೋಗುವುದು ಪ್ರತ್ಯಕ್ಷ ಸತ್ಯ. ಕಾಳಿದಾಸನ ಹಂಸಗಳು ಒಂದೆರಡು ತಿಂಗಳು ತಡಮಾಡಿ ಹೊರಟವೆಂದರೆ ಅದನ್ನು ಕವಿಗೆ ಮನ್ನಿಸಬಹುದು, ದಿಕ್ಕು ತಪ್ಪಿಲ್ಲ. ಆದರೆ ಮಿಂಚುಳ್ಳಿಗೆ ನಮ್ಮಲ್ಲಿ ಅಂಥ ಕವಿಸಮಯವೇ ಇಲ್ಲ. ಮನೆಯ ಮುಂದಿನ ನೀರಿನಲ್ಲೇ ಇರುವ ಹಕ್ಕಿಯಾದ್ದರಿಂದಲೋ ಏನೋ, ನಮ್ಮ ಹಳೆಯ ಕವಿಗಳ ದೃಷ್ಟಿ ಅದರ ಮೇಲೆ ಬಹಳ ಹೊತ್ತು ನಿಲ್ಲಲಿಲ್ಲ. ಕನ್ನಡದಲ್ಲಿ ಅದಕ್ಕೊಂದು ಪುಸ್ತಕದ ಹೆಸರಾಗುವ ಗೌರವ ಸಿಗಲು ಪೂರ್ಣಚಂದ್ರ ತೇಜಸ್ವಿಯವರು ಬರಬೇಕಾಯಿತು.

ಇದಕ್ಕೆ ಪೂರಾ ವಿರುದ್ಧವಾದದ್ದು ಗ್ರೀಕರ ಕಥೆ. ಅವರ ‘ಹಾಲ್ಕಿಯಾನ್’ ಎಂಬ ಹಕ್ಕಿಯನ್ನು ಮಿಂಚುಳ್ಳಿಯೆಂದೇ ಗುರುತಿಸುತ್ತಾರೆ. ರೋಮಿನ ಕವಿ ಓವಿಡ್ ತನ್ನ ರೂಪಾಂತರಗಳ ಮಹಾಕಾವ್ಯದ ಹನ್ನೊಂದನೆಯ ಭಾಗದಲ್ಲಿ ಅದರ ಕಥೆಯನ್ನು ಬಿಡಿಸಿ ಹೇಳಿದ್ದಾನೆ. ಗಾಳಿಗಳ ಒಡೆಯ ಈಯೊಲಸನ ಮಗಳು ಆಲ್ಸಿಯೊನೆ. ಅವಳ ಗಂಡ ಟ್ರಾಕಿಸ್ ಎಂಬ ನಾಡಿನ ರಾಜ ಸೀಯಿಕ್ಸ್. ಹೆಂಡತಿ ಬೇಡವೆಂದರೂ ಕೇಳದೆ ಅವನು ಕಡಲಯಾನಕ್ಕೆ ಹೊರಟು ಬಿರುಗಾಳಿಗೆ ಸಿಕ್ಕಿ ಮುಳುಗಿದ. ಅವಳಿಗೆ ಸುದ್ದಿ ತಿಳಿದದ್ದು ಕನಸಿನಲ್ಲಿ. ಮರುದಿನ ದಡಕ್ಕೆ ಓಡಿದರೆ ಅಲೆಗಳು ಅವನ ಶವವನ್ನೇ ತೇಲಿಸಿ ತರುತ್ತಿದ್ದವು. ಅದರತ್ತ ಹಾರಿದ ಅವಳಿಗೆ ರೆಕ್ಕೆ ಮೂಡಿತು. ದೇವತೆಗಳು ಕನಿಕರಪಟ್ಟು ಇಬ್ಬರನ್ನೂ ಹಕ್ಕಿಗಳನ್ನಾಗಿ ಮಾಡಿದರು. ಚಳಿಗಾಲದ ನಡುವೆ ಅವಳು ಕಡಲ ಮೇಲೆ ತೇಲುವ ಗೂಡಿನಲ್ಲಿ ಮೊಟ್ಟೆಗೆ ಕಾವು ಕೊಡುವ ಏಳು ದಿನ ಅವಳ ತಂದೆ ಗಾಳಿಗಳನ್ನು ಕಟ್ಟಿಹಾಕುತ್ತಾನೆ. ಆಗ ಕಡಲು ಪ್ರಶಾಂತವಾಗಿರುತ್ತದೆ. ಅದೇ ಮಿಂಚುಳ್ಳಿಯ ದಿನಗಳು. ಹಗಲು ಅತ್ಯಂತ ಕಿರಿದಾಗುವ ದಿನದ ಹಿಂದೆ ಏಳು, ಮುಂದೆ ಏಳು, ಒಟ್ಟು ಹದಿನಾಲ್ಕು ದಿನ ಎಂಬುದು ಇನ್ನೊಂದು ಲೆಕ್ಕ.

ಇದು ಕಾವ್ಯ. ಇಲ್ಲಿಗೇ ಬಿಟ್ಟಿದ್ದರೆ ತಕರಾರಿಲ್ಲ. ಆದರೆ ಓವಿಡನಿಗಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಹಿಂದೆಯೇ ಈ ಸಂಗತಿ ಅರಿಸ್ಟಾಟಲನ ಪ್ರಾಣಿಶಾಸ್ತ್ರದೊಳಗೆ ಪ್ರವೇಶ ಪಡೆದಿತ್ತು. ಅವನು ಹದಿನಾಲ್ಕು ದಿನಗಳ ಮಾತನ್ನು ಹೇಳಿ ಸಿಮೊನಿಡೀಸ್ ಎಂಬ ಕವಿಯನ್ನು ಸಾಕ್ಷಿಗೆ ಕರೆಯುತ್ತಾನೆ. ಶಾಸ್ತ್ರಕಾರ ಕವಿಯನ್ನು ಸಾಕ್ಷಿಗೆ ಕರೆದ ಪ್ರಸಂಗಗಳೆಂದರೆ ನಮ್ಮಂಥ ಸಾಹಿತ್ಯದ ಮಂದಿಗೆ ಹೆಮ್ಮೆ. ಈ ಪ್ರಸಂಗದಲ್ಲಿ ಮಾತ್ರ ಕರೆಯದಿದ್ದರೆ ಒಳ್ಳೆಯದಿತ್ತು. ಗೂಡು ಕಡಲಿನ ನೊರೆಯುಂಡೆಯಂತಿದೆ ಎನ್ನುತ್ತಾನೆ. ಬಹುಶಃ ಮೀನಿನ ಬೆನ್ನೆಲುಬುಗಳಿಂದ ಮಾಡಿದ್ದಿರಬೇಕು, ಏಕೆಂದರೆ ಅದು ಮೀನು ತಿಂದು ಬದುಕುವ ಹಕ್ಕಿ ಎಂದು ಊಹಿಸುತ್ತಾನೆ. ನದಿಗಳಲ್ಲಿ ಮೇಲಕ್ಕೂ ಹೋಗುತ್ತದೆ ಎಂದು ಸೇರಿಸುತ್ತಾನೆ. ಇವುಗಳ ನಡುವೆ, ಹೆಚ್ಚು ಒತ್ತುಕೊಡದೆ, ಮತ್ತೊಂದು ಮಾತನ್ನು ಹೇಳುತ್ತಾನೆ. ಈ ಹಕ್ಕಿ ಕಣ್ಣಿಗೆ ಬೀಳುವುದೇ ಅಪರೂಪ. ಕೃತ್ತಿಕೆಗಳು ಮುಳುಗುವ ಕಾಲದಲ್ಲಿ ಮತ್ತು ಚಳಿಗಾಲದ ನಡುಮಧ್ಯದಲ್ಲಿ ಮಾತ್ರ ಕಾಣುತ್ತದೆ ಎಂದು.

ಕೃತ್ತಿಕೆಗಳು ಮುಳುಗುವುದೆಂದರೆ, ಬೆಳಗಿನ ಜಾವ ಅವು ಪಡುವಣ ದಿಗಂತಕ್ಕೆ ಇಳಿಯುವ ಕಾಲ. ನಮ್ಮ ಲೆಕ್ಕದಲ್ಲಿ ಕಾರ್ತಿಕದ ಆಸುಪಾಸು. ಈ ಒಂದು ವಾಕ್ಯವನ್ನು ಓದಿದಾಗ ನಾನು ಪುಸ್ತಕವನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಂದು ನಮಗೆ ತಿಳಿದಿರುವಂತೆ ಯೂರೋಪಿನ ಮಿಂಚುಳ್ಳಿ ಕಡಲ ಮೇಲೆ ಗೂಡು ಕಟ್ಟುವುದಿಲ್ಲ. ವಸಂತ ಮತ್ತು ಬೇಸಗೆಯಲ್ಲಿ ಹೊಳೆಯ ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಅದರ ಕೊನೆಯಲ್ಲಿ ಬಿಳಿಯ ದುಂಡು ಮೊಟ್ಟೆಗಳನ್ನಿಡುತ್ತದೆ. ಬಿಲದ ನೆಲದ ತುಂಬ ಮೀನಿನ ಮುಳ್ಳು ಹರಡಿರುತ್ತದೆ. ಅರಿಸ್ಟಾಟಲನ ಬೆನ್ನೆಲುಬಿನ ಊಹೆಗೆ ಆಧಾರ ಅಲ್ಲಿದೆ. ಚಳಿಗಾಲ ಬಂದಾಗ ಉತ್ತರದ ಹೊಳೆಗಳು ಹೆಪ್ಪುಗಟ್ಟುತ್ತವೆ. ಹೆಪ್ಪುಗಟ್ಟಿದ ನೀರಿಗೆ ಧುಮುಕಿ ಮೀನು ಹಿಡಿಯುವುದೆಂತು? ಹಕ್ಕಿಗಳು ದಕ್ಷಿಣಕ್ಕೆ, ಹೆಪ್ಪುಗಟ್ಟದ ಕಡಲಂಚಿಗೆ ಇಳಿಯುತ್ತವೆ. ಗ್ರೀಸಿನ ಕರಾವಳಿಯಲ್ಲಿ ಮಿಂಚುಳ್ಳಿ ಹೆಚ್ಚಾಗಿ ಕಾಣುವುದು ಚಳಿಗಾಲದಲ್ಲಿಯೇ. ಎಂದಮೇಲೆ ಕೃತ್ತಿಕೆ ಮುಳುಗಿದಾಗ ಹಕ್ಕಿ ಕಂಡಿತೆಂದು ಹೇಳಿದ ಆ ಕಾಲದ ಅಂಬಿಗರು, ಬೆಸ್ತರು ಸತ್ಯವನ್ನೇ ಹೇಳಿದ್ದರು. ಅದು ವಲಸೆಯ ಸಾಕ್ಷ್ಯ. ಪಂಡಿತರು ಅದನ್ನು ಬಾಣಂತನದ ಕಥೆಯಾಗಿ ಓದಿಕೊಂಡರು.

ಅರಿಸ್ಟಾಟಲನಿಗೆ ವಲಸೆಯೆಂಬುದೇ ತಿಳಿದಿರಲಿಲ್ಲವೆ? ತಿಳಿದಿತ್ತು. ಕೊಕ್ಕರೆಯನ್ನು ಹೋಲುವ ಕ್ರೌಂಚಗಳು ಸಿಥಿಯದ ಬಯಲಿನಿಂದ ಈಜಿಪ್ಟಿನ ಆಚೆ ನೈಲ್ ನದಿ ಹುಟ್ಟುವ ಜೌಗಿನವರೆಗೆ ಹೋಗುತ್ತವೆಂದು ಬರೆದವನು ಅವನೇ. ಆದರೂ ಚಿಕ್ಕ ಹಕ್ಕಿಗಳ ವಿಷಯಕ್ಕೆ ಬಂದಾಗ ಅವನ ಕೈ ಹಿಂಜರಿಯುತ್ತದೆ. ಅಂಬರಗುಬ್ಬಿಗಳಲ್ಲಿ ಕೆಲವು ದೂರ ಹೋಗದೆ ಪೊಟರೆಗಳಲ್ಲಿ ಗರಿಯುದುರಿಸಿಕೊಂಡು ಅಡಗಿರುತ್ತವೆ ಎಂದುಬಿಟ್ಟ. ಆ ಮಾತು ಬಹಳ ಕಾಲ ಯೂರೋಪನ್ನು ಆಳಿತು. ೧೫೫೫ರಲ್ಲಿ ಸ್ವೀಡನ್ನಿನ ಓಲಾಸ್ ಮ್ಯಾಗ್ನಸ್ ಎಂಬ ಪಾದ್ರಿ, ಬೆಸ್ತರ ಬಲೆಗೆ ನೀರಿನಡಿಯಿಂದ ಅಂಬರಗುಬ್ಬಿಗಳ ಮುದ್ದೆಯೇ ಸಿಗುತ್ತದೆಂದು ಚಿತ್ರಸಹಿತ ಬರೆದ. ಜೀವಲೋಕಕ್ಕೆಲ್ಲ ನಾಮಕರಣ ಮಾಡಿದ ಲಿನೇಯಸ್ ಕೂಡ ಅದನ್ನು ನಂಬಿದ್ದ.

ಗ್ರೀಕ್ ವಿದ್ವಾಂಸ ಡಾರ್ಸಿ ಥಾಂಪ್ಸನ್ ೧೮೯೫ರಲ್ಲಿ ಪ್ರಕಟಿಸಿದ ಗ್ರೀಕ್ ಹಕ್ಕಿಗಳ ನಿಘಂಟಿನಲ್ಲಿ, ಹಾಲ್ಕಿಯಾನಿನ ಕಥೆಯೆಲ್ಲ ನಕ್ಷತ್ರಗಳ ಉದಯಾಸ್ತಗಳಿಂದ ಹುಟ್ಟಿದ ರೂಪಕ ಎಂಬ ವಾದ ಹೂಡಿದ. ಆತನ ಪಾಂಡಿತ್ಯದ ಮುಂದೆ ನಾನು ನಿಲ್ಲಲಾರೆ. ಆದರೂ ನನಗೆ ಒಪ್ಪಿಗೆಯಾಗದು. ಆಕಾಶದ ಕೃತ್ತಿಕೆಯನ್ನು ನೋಡಿ ಹಕ್ಕಿಯನ್ನು ಕಲ್ಪಿಸಿಕೊಂಡರು ಎನ್ನುವುದಕ್ಕಿಂತ, ನೀರಿನ ಮೇಲೆ ಹಕ್ಕಿಯನ್ನು ಕಂಡವರು ತಿಥಿ ಹೇಳಲು ಆಕಾಶವನ್ನು ನೋಡಿದರು ಎನ್ನುವುದು ಸರಳ. ನಮ್ಮ ರೈತ ಮಳೆಗೆ ನಕ್ಷತ್ರದ ಹೆಸರಿಡುತ್ತಾನೆ. ಆರಿದ್ರಾ ಮಳೆ ಎಂದಾಕ್ಷಣ ಅದು ರೂಪಕವಾಗಿಬಿಡುವುದೆ? ನೆನೆಯುವುದಂತೂ ನಿಜ.

ಗಾಳಿಯ ಮಗಳ ಕಥೆಗೆ ಇನ್ನೊಂದು ಕೊಂಬೆ ಚಿಗುರಿತು. ಸತ್ತ ಮಿಂಚುಳ್ಳಿಯ ಒಣಗಿದ ದೇಹವನ್ನು ದಾರದಲ್ಲಿ ತೂಗುಹಾಕಿದರೆ ಅದು ಗಾಳಿ ಬೀಸುವ ದಿಕ್ಕಿಗೆ ತಿರುಗಿ ನಿಲ್ಲುತ್ತದೆ ಎಂಬ ನಂಬಿಕೆ ಇಂಗ್ಲೆಂಡಿನಲ್ಲಿ ಬೇರೂರಿತ್ತು. ‘ಲಿಯರ್ ಮಹಾರಾಜ’ದಲ್ಲಿ ಒಡೆಯನ ಮರ್ಜಿಯಂತೆ ತಿರುಗುವ ಸೇವಕರನ್ನು ಬೈಯುವಾಗ ಷೇಕ್ಸ್‌ಪಿಯರ್ ಈ ನಂಬಿಕೆಯನ್ನೇ ಬಳಸಿಕೊಂಡಿದ್ದಾನೆ. ನಾರ್ವಿಚ್ ಊರಿನ ವೈದ್ಯ ಥಾಮಸ್ ಬ್ರೌನ್ ೧೬೪೬ರಲ್ಲಿ ಜನರ ಹುಸಿ ನಂಬಿಕೆಗಳನ್ನು ಪರೀಕ್ಷಿಸುವ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದ. ಈ ವಿಷಯದಲ್ಲಿ ಅವನು ವಾದ ಮಾಡುತ್ತ ಕೂರಲಿಲ್ಲ. ಹುರಿಯಿಲ್ಲದ ರೇಷ್ಮೆಯ ಎಳೆಯಲ್ಲಿ ಹಕ್ಕಿಯನ್ನು ಕೊಕ್ಕಿನಿಂದ ತೂಗುಬಿಟ್ಟು ನೋಡಿದ. ಅದು ಮನಬಂದ ಕಡೆ ತಿರುಗಿತು. ಒಂದೇ ಕೋಣೆಯಲ್ಲಿ ಎರಡನ್ನು ತೂಗುಹಾಕಿದ. ಒಂದು ಒಂದು ದಿಕ್ಕಿಗೆ, ಇನ್ನೊಂದು ಅದರ ಎದುರು ದಿಕ್ಕಿಗೆ ಎದೆಕೊಟ್ಟು ನಿಂತವು. ನನಗೆ ಈ ಎರಡನೆಯ ಹಕ್ಕಿ ಬಹಳ ಪ್ರಿಯ. ಒಂದನ್ನೇ ನೋಡಿದ್ದರೆ ನಂಬಿಕೆ ಹೇಗೋ ಉಳಿದುಕೊಳ್ಳುತ್ತಿತ್ತು.

ಸತ್ತ ಹಕ್ಕಿಯ ಪರೀಕ್ಷೆ ಇದಾಯಿತು. ಬದುಕಿರುವ ಹಕ್ಕಿ ಎಲ್ಲಿಗೆ ಹೋಗುತ್ತದೆಂದು ಅರಿಯುವುದು ಹೇಗೆ? ೧೮೨೨ರಲ್ಲಿ ಜರ್ಮನಿಯ ಕ್ಲ್ಯೂಟ್ಸ್ ಎಂಬ ಊರಿನ ಹತ್ತಿರ ಬೇಟೆಗೆ ಬಿದ್ದ ಕೊಕ್ಕರೆಯೊಂದರ ಕತ್ತಿನಲ್ಲಿ ಆಫ್ರಿಕದ ಈಟಿ ನೆಟ್ಟಿತ್ತು. ಆ ಗಾಯದೊಡನೆ ಅದು ಅಷ್ಟು ದೂರ ಹಾರಿ ಬಂದಿತ್ತು. ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಅದನ್ನು ಇಂದಿಗೂ ಕಾಪಾಡಿಟ್ಟಿದ್ದಾರೆ. ಮನುಷ್ಯನ ಕೈ ಹಾಕಿದ ಗುರುತೊಂದು ಹಕ್ಕಿಯ ಮೈಮೇಲಿದ್ದರೆ ಅದರ ದಾರಿ ತಿಳಿಯುತ್ತದೆ ಎಂಬ ಸಂಗತಿ ಹೀಗೆ ಕ್ರೂರವಾಗಿ ಹೊಳೆಯಿತು. ಅದನ್ನು ಸೌಮ್ಯವಾದ ಪದ್ಧತಿಯಾಗಿ ಮಾಡಿದವನು ಡೆನ್ಮಾರ್ಕಿನ ವಿಬೋರ್ಗ್ ಊರಿನ ಉಪಾಧ್ಯಾಯ ಮಾರ್ಟೆನ್ಸನ್. ೧೮೯೯ರಲ್ಲಿ ಅವನು ಕಬ್ಬಕ್ಕಿಯ ಬಳಗದ ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ಸಂಖ್ಯೆ ಮತ್ತು ವಿಳಾಸ ಕೆತ್ತಿದ ಹಗುರವಾದ ಅಲ್ಯೂಮಿನಿಯಂ ಬಳೆ ತೊಡಿಸಿ ಹಾರಿಬಿಟ್ಟ. ಮೇಷ್ಟರು ಹಾಜರಿ ಹಾಕುವವರಲ್ಲವೆ. ಹಕ್ಕಿಗಳಿಗೂ ಕ್ರಮಸಂಖ್ಯೆ ಕೊಟ್ಟ.

ಬಳೆಯ ಪದ್ಧತಿ ಮಿಂಚುಳ್ಳಿಗೂ ಬಂದಾಗ ಸಿಕ್ಕ ಉತ್ತರ ಹೌದು ಎಂದಾಗಲಿ ಅಲ್ಲ ಎಂದಾಗಲಿ ಇರಲಿಲ್ಲ. ಒಂದೇ ಜಾತಿಯ ಹಕ್ಕಿ ರಷ್ಯದಲ್ಲಿ ಚಳಿಗಾಲಕ್ಕೆ ಮುಂಚೆ ಊರು ಬಿಡುತ್ತದೆ, ಕೆಲವು ಸಾವಿರ ಕಿಲೋಮೀಟರಿಗೂ ಹೆಚ್ಚು ಹೋಗುತ್ತವೆ. ಬ್ರಿಟನ್ನಿನಲ್ಲಿ ಅದೇ ಜಾತಿ ಬಹುಪಾಲು ನಿಂತಲ್ಲೇ ನಿಲ್ಲುತ್ತದೆ, ಹೆಚ್ಚೆಂದರೆ ಅಳಿವೆಗಳ ಕಡೆ ಜರುಗುತ್ತದೆ. ನಿಲ್ಲುವುದಕ್ಕೆ ಬೆಲೆಯೂ ಉಂಟು. ೧೯೬೨-೬೩ರ ಘೋರ ಚಳಿಗಾಲದಲ್ಲಿ ಬ್ರಿಟನ್ನಿನ ಹೊಳೆಗಳು ವಾರಗಟ್ಟಲೆ ಕಲ್ಲಾಗಿ, ಅಲ್ಲಿಯ ಮಿಂಚುಳ್ಳಿಗಳಲ್ಲಿ ಬಹುಸಂಖ್ಯೆ ಹಸಿವಿನಿಂದ ಸತ್ತವು. ಹಾಗಾದರೆ ಹೊರಟುಬಿಡುವುದೇ ಜಾಣತನವಲ್ಲವೆ ಎಂದರೆ ಅದೂ ಅಲ್ಲ. ಈ ಹಕ್ಕಿ ಶರತ್ಕಾಲದಿಂದಲೇ ತನ್ನ ಪಾಲಿನ ನೀರನ್ನು ಜಗಳವಾಡಿ ಕಾಯುತ್ತದೆ. ಗಂಡು ಹೆಣ್ಣುಗಳೂ ಆಗ ಬೇರೆ ಬೇರೆ ಸರಹದ್ದು ಮಾಡಿಕೊಳ್ಳುತ್ತವೆ. ಹೋಗಿ ಬಂದವನಿಗೆ ಜಾಗ ಉಳಿದಿರುತ್ತದೆಂಬ ಭರವಸೆಯಿಲ್ಲ. ಮರಿಗಳನ್ನಂತೂ ಹಾರಲು ಕಲಿತ ಕೆಲವೇ ದಿನಗಳಲ್ಲಿ ತಾಯಿತಂದೆಗಳೇ ಅಟ್ಟಿಬಿಡುತ್ತವೆ.

ಇದನ್ನು ಓದಿದ ಮೇಲೆ ನನ್ನ ಬೆಳಗಿನ ತಿರುಗಾಟಕ್ಕೊಂದು ಸಣ್ಣ ಪೆಟ್ಟು ಬಿತ್ತು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಅಂಚಿನಲ್ಲಿ ಒಂದು ಮೋಟುಗೂಟದ ಮೇಲೆ ನಾನು ಹಲವು ವರ್ಷಗಳಿಂದ ಒಂದು ಮಿಂಚುಳ್ಳಿಯನ್ನು ನೋಡುತ್ತಿದ್ದೆ. ಅದು ನನ್ನ ಪರಿಚಯದ ಹಕ್ಕಿಯೆಂದು ಮನೆಯಲ್ಲಿ ಹೇಳಿಕೊಂಡೂ ಇದ್ದೆ. ಆದರೆ ಈ ಚಿಕ್ಕ ಮಿಂಚುಳ್ಳಿಗಳಲ್ಲಿ ಹೆಚ್ಚಿನವು ಒಂದೆರಡು ವರ್ಷಕ್ಕಿಂತ ಮೇಲೆ ಬದುಕುವುದಿಲ್ಲವಂತೆ. ಗೂಟ ಅದೇ ಸರಿ. ಹಕ್ಕಿ ಅದೇ ಎಂದು ಹೇಳುವುದಕ್ಕೆ ನನ್ನ ಬಳಿ ಯಾವ ಬಳೆಯಿತ್ತು? ನಾನು ಕಾಲೇಜಿನಲ್ಲಿ ಕುಳಿತಿದ್ದ ಕುರ್ಚಿಯಲ್ಲಿ ಈಗ ಇನ್ನೊಬ್ಬರಿದ್ದಾರೆ. ದೂರದಿಂದ ಕಿಟಕಿಯೊಳಗೆ ನೋಡಿದವರಿಗೆ ಒಬ್ಬ ಮೇಷ್ಟರು ಕುಳಿತಿರುವುದು ಕಾಣುತ್ತದೆ, ಅಷ್ಟೆ.

ಭಾರತದಲ್ಲಿ ಮಿಂಚುಳ್ಳಿಗಳು ಹನ್ನೆರಡು ಬಗೆ ಎಂಬುದು ರೂಢಿಯ ಲೆಕ್ಕ. ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ ೧೮೬೨-೬೪ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಸಂಪುಟಗಳನ್ನು ತಂದ. ಆ ಕಾಲದ ಶೋಧನೆಯೆಲ್ಲ ಬಹುಮಟ್ಟಿಗೆ ಬಂದೂಕಿನಿಂದ ನಡೆದದ್ದು. ಹೊಡೆದು ಒಣಗಿಸಿಟ್ಟ ಹಕ್ಕಿ ತಾನು ಯಾವ ತಿಂಗಳು ಎಲ್ಲಿದ್ದೆನೆಂದು ಹೇಳಬಲ್ಲದು, ಎಲ್ಲಿಗೆ ಹೊರಟಿದ್ದೆನೆಂದು ಹೇಳಲಾರದು. ೧೮೮೩ರಲ್ಲಿ ಮುಂಬಯಿಯ ನಿಸರ್ಗ ಚರಿತ್ರೆಯ ಸಂಘ ಹುಟ್ಟಿ, ಮುಂದೆ ಸಲೀಂ ಅಲಿಯವರ ಕಾಲಕ್ಕೆ ಬಳೆ ತೊಡಿಸುವ ಕೆಲಸ ನಮ್ಮಲ್ಲೂ ದೊಡ್ಡದಾಗಿ ನಡೆಯಿತು. ಅವರು ರಿಪ್ಲಿಯವರೊಡನೆ ೧೯೬೮ರಿಂದ ೧೯೭೪ರವರೆಗೆ ಹತ್ತು ಸಂಪುಟಗಳಲ್ಲಿ ಹೊರತಂದ ಕೈಪಿಡಿಯನ್ನು ತಿರುವಿದರೆ ನನ್ನ ‘ಗೃಹಸ್ಥ’ನ ಉಪಮೆ ನಿಲ್ಲುವುದು ಒಂದೆರಡು ಬಗೆಗಳಿಗೆ ಮಾತ್ರ. ಬಿಳಿಯೆದೆಯ ಗದ್ದೆ ಮಿಂಚುಳ್ಳಿಗೆ ನೀರೇ ಬೇಕೆಂದಿಲ್ಲ. ಮಿಡತೆ, ಹಲ್ಲಿ, ಏಡಿ, ಯಾವುದಾದರೂ ಆದೀತು. ತಂತಿಯ ಮೇಲೆ ಕೂತು ಸಂಸಾರ ಸಾಗಿಸುತ್ತದೆ. ಅದು ಊರು ಬಿಡಲು ಕಾರಣವಿಲ್ಲ. ಕೆರೆಯ ಮೇಲೆ ಗಾಳಿಯಲ್ಲೇ ನಿಂತು ಧುಮುಕುವ ಕಪ್ಪುಬಿಳಿ ಮಿಂಚುಳ್ಳಿಯೂ ನೀರು ಬತ್ತದಿದ್ದರೆ ಕದಲದು. ನಮ್ಮ ಗೂಟದ ಮೇಲಿನ ಚಿಕ್ಕ ನೀಲಿ ಹಕ್ಕಿ ದಕ್ಷಿಣದಲ್ಲಿ ನೆಲೆನಿಂತದ್ದು. ಕಾಶ್ಮೀರದಲ್ಲಿ ಅದೇ ಜಾತಿಯದು ಚಳಿಗೆ ಬಯಲಿಗಿಳಿಯುತ್ತದೆ. ಇನ್ನು ಮಳೆಗಾಲದಲ್ಲಿ ಬರುವ ಮಿಂಚುಳ್ಳಿ. ಹುಡುಗ ಹೇಳಿದ್ದು.

ನಿವೃತ್ತನಾದ ಮೇಲೆ ಒಂದು ಜೂನ್ ತಿಂಗಳು ಹೊನ್ನಾವರ ತಾಲ್ಲೂಕಿನಲ್ಲಿರುವ ಬೀಗರ ಮನೆಯಲ್ಲಿ ನಾಲ್ಕು ದಿನ ಇರಬೇಕಾಗಿ ಬಂತು. ಘಟ್ಟದ ಕೆಳಗಿನ ಮಳೆಯನ್ನು ಮೈಸೂರಿನವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಮೂರನೆಯ ದಿನ ಮಳೆ ಗಳಿಗೆಹೊತ್ತು ಬಿಡುವು ಕೊಟ್ಟಾಗ ಬೀಗರು ಅಡಕೆ ತೋಟದ ಹಿಂದಿನ ಹಳ್ಳದ ಹತ್ತಿರ ಕರೆದುಕೊಂಡು ಹೋದರು. ಹಳ್ಳದ ದರೆಯಲ್ಲಿ ಹೆಬ್ಬೆರಳು ಎರಡು ಹಿಡಿಯುವಷ್ಟು ತೂತು. ಎದುರಿನ ಬಳ್ಳಿಯ ಮೇಲೆ ಗುಬ್ಬಿಗಿಂತ ಚಿಕ್ಕದಾದ ಒಂದು ಹಕ್ಕಿ ಕುಳಿತಿತ್ತು. ಹವಳದಂಥ ಕೊಕ್ಕು, ಅರಿಸಿನ ಕಿತ್ತಳೆ ಬೆರೆತ ಎದೆ, ಬೆನ್ನಿನ ಮೇಲೆ ನೇರಳೆಯ ಹೊಳಪು, ಕಾಲಿಗೆ ಮೂರೇ ಬೆರಳು. ಕೊಕ್ಕಿನಲ್ಲಿ ಒಂದು ಸಣ್ಣ ಕಪ್ಪೆ. ನಾವು ಉಸಿರು ಬಿಡುವುದರೊಳಗೆ ಅದು ತೂತಿನೊಳಗೆ ಹೋಗಿ, ಬಂದು, ಮಾಯವಾಯಿತು.

“ಇದು ಯಾವಾಗಲೂ ಇರುತ್ತದೆಯೆ?” ಎಂದು ಕೇಳಿದೆ.

“ಇಲ್ಲ ಮಾರಾಯ್ರೆ. ನಮ್ಮ ಅಜ್ಜನ ಕಾಲದಿಂದ ಮಳೆ ಬಂತು ಅಂದ್ರೆ ಇದೂ ಬಂತು. ದೀಪಾವಳಿ ಹೊತ್ತಿಗೆ ನೋಡಿದ್ರೆ ಇರೋದಿಲ್ಲ” ಎಂದರು ಬೀಗರು, ಯಾರಿಗೂ ತಿಳಿದ ಸಂಗತಿಯನ್ನು ಕೇಳುತ್ತಿದ್ದೇನಲ್ಲ ಎಂಬ ಧ್ವನಿಯಲ್ಲಿ.

ಕೊಂಕಣದಿಂದ ಕೆಳಗೆ ಪಶ್ಚಿಮ ಘಟ್ಟದ ಹಳ್ಳಗಳಿಗೆ ಈ ಹಕ್ಕಿ ಮುಂಗಾರಿನೊಡನೆ ಬರುತ್ತದೆ. ಮಣ್ಣು ನೆನೆದು ಬಿಲ ತೋಡುವುದು ಸುಲಭ. ಕಪ್ಪೆ, ಏಡಿ, ಹುಳುಹುಪ್ಪಟೆ ಯಥೇಚ್ಛ. ಮರಿಮಾಡಿ, ಮಳೆ ತಗ್ಗಿದ ಮೇಲೆ ಹೊರಟುಬಿಡುತ್ತದೆ. ಹೋಗುವುದು ರಾತ್ರಿಯ ಕತ್ತಲಲ್ಲಿ. ಮಲಯ ಪರ್ಯಾಯದ್ವೀಪದ ಕಡೆ ವಲಸೆ ಹೋಗುವಾಗ ಇದರ ಜಾತಿಯ ಹಕ್ಕಿಗಳು ದೀಪದ ಬೆಳಕಿಗೆ ಮರುಳಾಗಿ ಕಟ್ಟಡಗಳಿಗೆ ಬಡಿದು ಬಿದ್ದದ್ದರಿಂದಲೇ ಈ ರಾತ್ರಿ ಪಯಣದ ಗುಟ್ಟು ಹೊರಬಿತ್ತು. ಮಹಾರಾಷ್ಟ್ರದ ರಾಯಗಡ ಜಿಲ್ಲೆಯವರು ಇದನ್ನು ‘ತಿಬೋಟಿ ಖಂಡ್ಯಾ’, ಎಂದರೆ ಮೂರು ಬೆರಳಿನ ಮಿಂಚುಳ್ಳಿ ಎಂದು ಕರೆದು ತಮ್ಮ ಜಿಲ್ಲೆಯ ಹಕ್ಕಿಯೆಂದು ಗೌರವಿಸಿದ್ದಾರೆ. ಇದಕ್ಕೆ ಶಾಸ್ತ್ರದ ಹೆಸರು ಕೊಟ್ಟವರು ಇದರ ಕುಲವನ್ನು ೧೭೯೯ರಲ್ಲಿ ‘ಸೀಯಿಕ್ಸ್’ ಎಂದು ಕರೆದರು. ಕಡಲಿನಲ್ಲಿ ಮುಳುಗಿ, ಅಲೆಗಳ ಮೇಲೆ ಮರಳಿ ಬಂದ ಆ ರಾಜನ ಹೆಸರು. ಹೆಸರಿಟ್ಟ ಫ್ರೆಂಚ್ ವಿದ್ವಾಂಸ ಲಾಸೆಪೇದ್‌ನಿಗೆ ಹೊನ್ನಾವರದ ಹಳ್ಳ ತಿಳಿದಿರಲಿಕ್ಕಿಲ್ಲ.

ಮೈಸೂರಿಗೆ ಮರಳಿದ ಮೇಲೆ ಆ ಹುಡುಗನ ವಿಳಾಸಕ್ಕಾಗಿ ಒಂದಿಬ್ಬರನ್ನು ವಿಚಾರಿಸಿದೆ. ಅವನೊಡನೆ ಓದಿದವರಿಗೂ ಗೊತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತ್ತು, ಆಮೇಲೆ ಅಲ್ಲಿಂದಲೂ ಹೋದ ಎಂದರು. ಈಗ ಅವನಿಗೂ ಐವತ್ತರ ಹತ್ತಿರ ಬಂದಿರಬೇಕು. ರೇಡಿಯೋ ಕೇಳುವ ಅಭ್ಯಾಸವಿದ್ದು ಈ ಮಾತು ಎಲ್ಲಿಯಾದರೂ ಅವನ ಕಿವಿಗೆ ಬಿದ್ದರೆ, ಅಥವಾ ಅಚ್ಚಾದದ್ದು ಕಣ್ಣಿಗೆ ಬಿದ್ದರೆ: ಅದು ಬೇರೆ ಹಕ್ಕಿಯಲ್ಲಪ್ಪ, ಮಿಂಚುಳ್ಳಿಯೇ. ನಿಮ್ಮ ಬದಿಗೆ ಮಳೆ ಹಿಡಿದ ಮೇಲೆಯ ನಾಲ್ಕನೆಯ ದಿನ ನಾನೇ ಕಣ್ಣಾರೆ ನೋಡಿ ಬಂದೆ.